ಮಗ ಲೈನ್‌ನಲ್ಲೇ ಆಡಲಿ ಬಿಡಿ

ಅಮೆರಿಕದ ಓಹಿಯೋದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ನನ್ನ ಮಗ ಹೈಸ್ಕೂಲ್ ಮುಗಿಸುತ್ತಿದ್ದಾನೆ. ಆರೂಕಾಲಡಿ ಎತ್ತರ, ಒಳ್ಳೆ ಮೈಕಟ್ಟು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಫೆನ್ಸಿವ್ ಲೈನ್‌ಮ್ಯಾನ್, ಅಂದರೆ ತನ್ನ ತಂಡದ ಬಳಿ ಚೆಂಡಿದ್ದಾಗ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನು. ಒಂದು ಕಾಲೇಜಿನವರು ಸ್ಕಾಲರ್‌ಶಿಪ್ ಕೊಡಲ್ಲ, ವಾಕ್-ಆನ್ ಆಗಿ ಬಾ ಎಂದಿದ್ದಾರೆ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದರೆ ಒಂದು ಮಾತು. ಇವನು ಚೆಂಡು ಮುಟ್ಟುವುದಿಲ್ಲ, ಪಾಯಿಂಟ್ ಗಳಿಸುವುದಿಲ್ಲ, ಪೇಪರಿನಲ್ಲಿ ಹೆಸರು ಬರುವುದಿಲ್ಲ. ನಾಲ್ಕೈದು ವರ್ಷ ಯಾರನ್ನೋ ತಳ್ಳಿ, ತಲೆಗೆ ಪೆಟ್ಟು ತಿಂದು, ಕೊನೆಗೆ ಏನು ಸಿಕ್ಕಿತು ಅಂತ ತುಮಕೂರಿನ ನೆಂಟರಿಗೆ ಹೇಳಲಿ?"

ಮೊದಲು ತಲೆಪೆಟ್ಟಿನ ಮಾತು. ಅದರಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ. ಮೆದುಳಿನ ಹಾನಿಯ ಬಗ್ಗೆ ಬಂದಿರುವ ಸಂಶೋಧನೆಗಳನ್ನು ಓದಿದ ಯಾವ ತಂದೆಯೂ ನೆಮ್ಮದಿಯಾಗಿ ಮಲಗಲಾರ. ಆ ಕಾರಣಕ್ಕೆ ಬೇಡ ಎಂದಿದ್ದರೆ ನಾನು ಎದುರಾಡುತ್ತಿರಲಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ತಲೆಪೆಟ್ಟಿಗೆ ಎರಡು ಪದ, ಹೆಸರು ಬರದ ದುಃಖಕ್ಕೆ ಉಳಿದದ್ದೆಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಚೆಂಡು ಮುಟ್ಟುವುದಿಲ್ಲ ಎಂದಿರಿ. ನಿಮ್ಮ ಮಗ ಸೆಂಟರ್ ಆಗಿದ್ದರೆ ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಚೆಂಡು ಮುಟ್ಟುವವನು ಅವನೇ. ಅವನು ಕಾಲ ನಡುವಿನಿಂದ ಹಿಂದಕ್ಕೆ ಕೊಟ್ಟರೆ ತಾನೇ ಕ್ವಾರ್ಟರ್‌ಬ್ಯಾಕ್‌ನ ಶೂರತನ ಶುರುವಾಗುವುದು? ಅವನ ಎಡಬಲಕ್ಕೆ ಇಬ್ಬರು ಗಾರ್ಡ್, ಅವರಾಚೆ ಇಬ್ಬರು ಟ್ಯಾಕಲ್. ಈ ಐವರೇ ಲೈನ್.

ಮುಂದಿನ ಸಲ ಸ್ಟೇಡಿಯಂಗೆ ಹೋದಾಗ ಚೆಂಡನ್ನು ಬಿಟ್ಟು ಎಡ ಟ್ಯಾಕಲ್ ಒಬ್ಬನನ್ನೇ ನೋಡಿ. ಕ್ವಾರ್ಟರ್‌ಬ್ಯಾಕ್ ಬಲಗೈಯವನಾದರೆ ಎಸೆಯುವಾಗ ಅವನ ಬೆನ್ನು ಇರುವುದು ಆ ಕಡೆಗೆ. ಎದುರಾಳಿ ನುಗ್ಗಿ ಬರುವುದು ಅವನಿಗೆ ಕಾಣಿಸುವುದೇ ಇಲ್ಲ. ಚೆಂಡು ಹೊರಟ ಕ್ಷಣ ಈ ಟ್ಯಾಕಲ್ ಓರೆಯಾಗಿ ಹಿಂದಕ್ಕೆ ಜಾರುತ್ತಾನೆ. ಹೊರಗಾಲು ಹಿಂದೆ, ಒಳಗಾಲು ಅದರ ಜತೆಗೇ, ಸೊಂಟ ತಗ್ಗಿಸಿ, ಬೆನ್ನು ನೆಟ್ಟಗೆ. ಎರಡೂ ಕೈ ಎದೆಯ ಹತ್ತಿರ. ಎದುರಾಳಿ ಹತ್ತಿರ ಬಂದಾಗ ಅಂಗೈಗಳಿಂದ ಅವನ ಎದೆಗೆ ಒಂದು ಹೊಡೆತ. ಬೇಗ ಕೈ ಚಾಚಿದರೆ ಅವನು ಅದನ್ನು ತಳ್ಳಿ ನುಸುಳುತ್ತಾನೆ, ತಡವಾದರೆ ಮೇಲೇ ಬೀಳುತ್ತಾನೆ. ಕೈ ಅವನ ಭುಜದ ಆಚೆ ಹೋಗಿ ಜರ್ಸಿ ಎಳೆದರೆ ಹೋಲ್ಡಿಂಗ್, 10 ಗಜ ದಂಡ. ಇದೆಲ್ಲ ಮೂರು ಸೆಕೆಂಡಿನ ಒಳಗೆ. ಸುಮಾರು 136 ಕಿಲೋ ತೂಗುವ ಮನುಷ್ಯ, ಒಂದು ಪಂದ್ಯದಲ್ಲಿ ಹತ್ತಾರು ಸಲ, ಹಿಂದಕ್ಕೆ ನಡೆಯುತ್ತಾ ಇದನ್ನು ಮಾಡುತ್ತಾನೆ. ಇದನ್ನು ನೀವು ಸುಮ್ನೆ ತಳ್ಳುವುದು ಎಂದು ಬರೆದಿದ್ದೀರಿ.

ಇವನು 69 ಸಲ ಸರಿಯಾಗಿ ತಡೆದರೆ ಧ್ವನಿವರ್ಧಕದಲ್ಲಿ ಒಂದು ಮಾತೂ ಬರುವುದಿಲ್ಲ. ಒಂದು ಸಲ ತಪ್ಪಿದರೆ ಮಾತ್ರ ರೆಫರಿ ಮೈಕ್ ಒತ್ತಿ ಇಡೀ ಸ್ಟೇಡಿಯಂಗೆ ಅವನ ನಂಬರ್ ಹೇಳುತ್ತಾನೆ. ಇಂಥ ಕೆಲಸಕ್ಕೆ ಮನಸಾರೆ ಹೋಗಿ ನಿಲ್ಲುವ ಹದಿನೆಂಟರ ಹುಡುಗನ ಮೇಲೆ ನನಗಂತೂ ಗೌರವ ಜಾಸ್ತಿಯೇ.

ನೀವಿರುವುದು ಓಹಿಯೋದಲ್ಲಿ. ಅಲ್ಲಿನ ಕಥೆಯನ್ನೇ ಹೇಳುತ್ತೇನೆ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚೆಂಡು ಹಿಡಿದು ಓಡುತ್ತಿದ್ದ ಆರ್ಚೀ ಗ್ರಿಫಿನ್ 1974 ಮತ್ತು 1975ರಲ್ಲಿ, ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದರು. ಎರಡು ಸಲ ಗೆದ್ದವರು ಇವತ್ತಿಗೂ ಅವರೊಬ್ಬರೇ. ಅವರ ಮೊದಲ ವರ್ಷಗಳಲ್ಲಿ ಮುಂದೆ ದಾರಿ ಬಿಡಿಸುತ್ತಿದ್ದ ಟ್ಯಾಕಲ್ ಜಾನ್ ಹಿಕ್ಸ್. 1973ರ ಹೈಸ್ಮನ್ ಮತದಾನದಲ್ಲಿ ಹಿಕ್ಸ್ ಎರಡನೆಯವರಾಗಿ ಬಂದರು. ಗ್ರಿಫಿನ್ ಆ ವರ್ಷ ಅವರಿಗಿಂತ ಕೆಳಗಿದ್ದರು! 1935ರಿಂದ ಕೊಡುತ್ತಿರುವ ಆ ಟ್ರೋಫಿ ಈ ಐದು ಜಾಗಗಳಲ್ಲಿ ಆಡುವ ಒಬ್ಬನಿಗೂ ಸಿಕ್ಕಿಲ್ಲ. 1996ರಲ್ಲಿ ಅದೇ ಕಾಲೇಜಿನ ಒರ್ಲಾಂಡೋ ಪೇಸ್‌ಗೆ ನಾಲ್ಕನೇ ಸ್ಥಾನ. ಎದುರಾಳಿಯನ್ನು ಬೆನ್ನು ನೆಲಕ್ಕಂಟುವಂತೆ ಕೆಡವುವುದಕ್ಕೆ ಅಲ್ಲಿ ಪ್ಯಾನ್‌ಕೇಕ್ ಎನ್ನುತ್ತಾರೆ. ಪೇಸ್ ಅದರಲ್ಲಿ ಎಷ್ಟು ಗಟ್ಟಿಗರೆಂದರೆ ಕಾಲೇಜಿನವರು ಪ್ರಚಾರಕ್ಕೆ ಪ್ಯಾನ್‌ಕೇಕ್ ಆಕಾರದ ಫ್ರಿಜ್ ಮ್ಯಾಗ್ನೆಟ್ ಮಾಡಿಸಿ ಹಂಚಿದ್ದರು. ಮುಂದಿನ ವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ್ದು ಅವರನ್ನೇ. ಆಟ ಬಲ್ಲವರಿಗೆ ಬೆಲೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಚೆಂಡಿನ ಹಿಂದೆ ಓಡುವ ಕಣ್ಣುಗಳಿಗೆ.

ವಾಕ್-ಆನ್ ಎಂದು ನೀವು ಮುಖ ಸಣ್ಣ ಮಾಡಿಕೊಂಡಿದ್ದೀರಿ. ಬ್ರ್ಯಾಂಡನ್ ಬರ್ಲ್ಸ್‌ವರ್ತ್ ಕಥೆಯನ್ನು ಮಗನ ಜತೆ ಕೂತು ಓದಿ. ಅರ್ಕಾನ್ಸಾದ ಹ್ಯಾರಿಸನ್ ಎಂಬ ಸಣ್ಣ ಊರಿನ ಹುಡುಗ. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲೇ ಆಡಬೇಕು ಎಂದು ಸ್ಕಾಲರ್‌ಶಿಪ್ ಇಲ್ಲದೆ ಹೋಗಿ ಸೇರಿದ. ಮೊದಲ ವರ್ಷ ಪಂದ್ಯಕ್ಕಿಳಿಯದೆ ಮೈ ಬೆಳೆಸಿಕೊಂಡು ಆಟ ಕಲಿಯುವ ಪದ್ಧತಿ ಇದೆಯಲ್ಲ, ರೆಡ್‌ಶರ್ಟ್ ಅಂತ, ಅದನ್ನೂ ಮಾಡಿದ. ಆಮೇಲೆ ಸ್ಕಾಲರ್‌ಶಿಪ್ ಬಂತು, ಗಾರ್ಡ್ ಜಾಗ ಖಾಯಂ ಆಯಿತು, 1998ರಲ್ಲಿ ಆಲ್-ಅಮೆರಿಕನ್, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ಒಬ್ಬ, ಆದ. ಕೊನೆಯ ಪಂದ್ಯ ಆಡುವ ಹೊತ್ತಿಗೆ ಮಾಸ್ಟರ್ಸ್ ಪದವಿಯನ್ನೂ ಮುಗಿಸಿದ್ದ. 1999ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಆರಿಸಿಕೊಂಡ 11 ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೆರಡೇ ವರ್ಷ. ಈಗ ದೇಶದ ಅತ್ಯುತ್ತಮ ವಾಕ್-ಆನ್ ಆಟಗಾರನಿಗೆ ಕೊಡುವ ಟ್ರೋಫಿ ಇರುವುದು ಅವನ ಹೆಸರಿನಲ್ಲಿ.

ಓದು ಹಾಳಾಗುತ್ತದೆ ಎನ್ನುವವರಿಗೆ ನನ್ನ ಬಳಿ ಇನ್ನೊಂದು ಹೆಸರಿದೆ. ಜಾನ್ ಅರ್ಷಲ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಗಾರ್ಡ್. ಶನಿವಾರ ಪಂದ್ಯ, ವಾರದಲ್ಲಿ ತಾನೇ ಕಾಲೇಜಿನ ಹುಡುಗರಿಗೆ ಗಣಿತದ ಪಾಠ. ಓದು, ಆಟ, ನಡತೆ ಮೂರನ್ನೂ ನೋಡಿ ಕೊಡುವ ಕ್ಯಾಂಬೆಲ್ ಟ್ರೋಫಿ 2013ರಲ್ಲಿ ಅವರಿಗೆ ಬಂತು. ಬಾಲ್ಟಿಮೋರ್ ರೇವನ್ಸ್ ತಂಡದಲ್ಲಿ ಮೂರು ಸೀಸನ್ ಆಡಿದರು. 2015ರಲ್ಲಿ ತಲೆಗೆ ಪೆಟ್ಟಾದಾಗ ಕಷ್ಟದ ಗಣಿತ ಮಾಡುವ ಶಕ್ತಿ ಕೆಲಕಾಲ ಕುಂದಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2017ರಲ್ಲಿ, 26ನೇ ವಯಸ್ಸಿಗೆ, ಆಟ ಬಿಟ್ಟರು. ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿ ಈಗ ಅಲ್ಲೇ ಪ್ರಾಧ್ಯಾಪಕರು. ಆಡುವುದನ್ನೂ ಬಿಡುವುದನ್ನೂ ಯೋಚಿಸಿ ಮಾಡಿದ ಮನುಷ್ಯ.

ಕಾಲೇಜಿನಿಂದ ಎನ್‌ಎಫ್‌ಎಲ್‌ಗೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ. ಮಗನಿಗೂ ಅದು ಗೊತ್ತಿದ್ದೇ ಇರುತ್ತದೆ. ಗೊತ್ತಿದ್ದೂ ಹೋಗುತ್ತೇನೆ ಎಂದರೆ ಅವನಿಗೆ ಆ ಕೆಲಸವೇ ಇಷ್ಟ ಎಂದರ್ಥ, ಅಲ್ವಾ?

ಈ ಹೆಸರಿನ ಹುಚ್ಚು ನಿಮಗೊಬ್ಬರಿಗೇ ಇರುವುದಲ್ಲ. ನಮ್ಮ ಕಚೇರಿಗೆ ವಾರವಾರ ಕಾರ್ಯಕ್ರಮಗಳ ವರದಿ ಬರುತ್ತದೆ. ವೇದಿಕೆ ಮೇಲೆ ಕೂತವರ ಹೆಸರು ಪದವಿ ಸಮೇತ ಅರ್ಧ ಪುಟ. ಶಾಲು ಹೊದ್ದವರು, ಹೊದಿಸಿದವರು, ಸ್ವಾಗತ, ವಂದನಾರ್ಪಣೆ. ಒಂದು ಹೆಸರು ಬಿಟ್ಟುಹೋದರೆ ಮರುದಿನ ಫೋನ್. ಹಿಂದಿನ ರಾತ್ರಿ ಎರಡು ಗಂಟೆಗೆ ಪೆಂಡಾಲ್ ಹಾಕಿದವರು, ಐನೂರು ಜನಕ್ಕೆ ಅಡುಗೆ ಮಾಡಿದವರು ಯಾವ ವರದಿಯಲ್ಲೂ ಇರುವುದಿಲ್ಲ. ರಿಸಲ್ಟ್ ಬಂದ ದಿನ ಬೀದಿ ತುಂಬ ಫ್ಲೆಕ್ಸು, ಅದರಲ್ಲಿ ರ್‍ಯಾಂಕ್ ಬಂದ ನಾಲ್ಕು ಮುಖ. ಎಣಿಸಲು ಸಿಗುವುದನ್ನಷ್ಟೇ ಕೆಲಸ ಎನ್ನುವ ಅಭ್ಯಾಸ ನಮಗೆ ಅಷ್ಟು ಆಳಕ್ಕೆ ಇಳಿದಿದೆ. ಅಮೆರಿಕಕ್ಕೆ ಹೋಗುವಾಗ ನೀವೂ ಅದನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡೇ ಹೋಗಿದ್ದೀರಿ.

ಅಲ್ಲಿನವರೂ ಏನು ಕಮ್ಮಿಯಿಲ್ಲ. ಕಾಲೇಜುಗಳು ಈ ಆಟದಿಂದ ದಶಕಗಟ್ಟಲೆ ಕೋಟಿಗಟ್ಟಲೆ ಡಾಲರ್ ದುಡಿದವು, ಆಡಿದ ಹುಡುಗರಿಗೆ ಸಂಬಳ ಎಂಬುದೇ ಇರಲಿಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಟಗಾರರು ಸಂಘ ಕಟ್ಟಲು ಹೊರಟಾಗ ಮೊದಲ ಸುತ್ತಿನಲ್ಲಿ ಗೆದ್ದರು. ಮರುವರ್ಷ ಕಾರ್ಮಿಕ ಮಂಡಳಿ ಇದು ನಮ್ಮ ವ್ಯಾಪ್ತಿಗೆ ಬೇಡ ಎಂದು ಕೈತೊಳೆದುಕೊಂಡಿತು. 2021ರಲ್ಲಿ ಆಟಗಾರರು ಜಾಹೀರಾತಿನಿಂದ ದುಡ್ಡು ಮಾಡಲು ಬಾಗಿಲು ತೆರೆಯಿತು. ದೊಡ್ಡ ಮೊತ್ತ ಹೋದದ್ದು ಕ್ವಾರ್ಟರ್‌ಬ್ಯಾಕ್‌ಗಳ ಕಡೆಗೇ. ಟೆಕ್ಸಸ್‌ನಲ್ಲಿ ಮಾತ್ರ ಒಂದು ದತ್ತಿ ಸಂಸ್ಥೆ ಅದೇ ವರ್ಷ, ಸಮಾಜಸೇವೆ ಮಾಡುವ ಟೆಕ್ಸಸ್ ವಿಶ್ವವಿದ್ಯಾಲಯದ ಪ್ರತಿ ಸ್ಕಾಲರ್‌ಶಿಪ್ ಲೈನ್‌ಮ್ಯಾನ್‌ಗೂ ವರ್ಷಕ್ಕೆ 50,000 ಡಾಲರ್ ಎಂದು ಸಾರಿತು. ಓದಿ ಸಂತೋಷವಾಯಿತು. 2015ರಿಂದ ಕೊಡುತ್ತಿರುವ ಜೋ ಮೂರ್ ಪ್ರಶಸ್ತಿಯೂ ನನಗೆ ಇಷ್ಟ. ಅದನ್ನು ಒಬ್ಬನಿಗೆ ಕೊಡುವುದಿಲ್ಲ. ಇಡೀ ಲೈನ್‌ಗೆ ಕೊಡುತ್ತಾರೆ.

ನೆಂಟರಿಗೆ ಏನು ಹೇಳಲಿ ಎಂದಿರಿ. ಮಗ ಫುಟ್‌ಬಾಲ್ ಆಡುತ್ತಾನೆ, ಲೈನ್‌ನಲ್ಲಿ, ಎಂದು ಹೇಳಿ. ಅಷ್ಟು ಸಾಕು.

ಈಗ ಮಾಡಬೇಕಾದ ಕೆಲಸ ಬೇರೆಯಿದೆ. ಆಟಗಾರರು ಹೂಡಿದ್ದ ದಾವೆಯಲ್ಲಿ ಆದ 2025ರ ಕೋರ್ಟ್ ಒಪ್ಪಂದದ ನಂತರ, ಅದಕ್ಕೆ ಸೇರಿಕೊಂಡ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ 105 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಮೊದಲು ಈ ಕಟ್ಟುಪಾಡು ಇರಲಿಲ್ಲ, ವಾಕ್-ಆನ್ ಹುಡುಗರು ಸುಲಭವಾಗಿ ಸೇರುತ್ತಿದ್ದರು. ಇದರ ಬಿಸಿ ಮೊದಲು ತಟ್ಟುವುದು ನಿಮ್ಮ ಮಗನಂಥವರಿಗೆ. ಹಾಗಾಗಿ ಕೋಚ್‌ಗೆ ಬರೆದು ಕೇಳಿ: ಆ ಕಾಲೇಜು ಒಪ್ಪಂದಕ್ಕೆ ಸೇರಿದೆಯೇ, ಪಟ್ಟಿಯಲ್ಲಿ ಇವನಿಗೆ ಜಾಗ ಖಚಿತವೇ, ತಲೆಗೆ ಪೆಟ್ಟಾದರೆ ಮತ್ತೆ ಆಡಬಹುದೆಂದು ಹೇಳುವ ಡಾಕ್ಟರ್ ಯಾರು, ಆಸ್ಪತ್ರೆ ಖರ್ಚು ಯಾರದು. ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲೇ ಬರಲಿ. ಅದನ್ನು ಓದಿದ ಮೇಲೆ ಮಗನೇ ತೀರ್ಮಾನ ಮಾಡಲಿ.

— ಸಂಪಾದಕ