ಮೂರು ಭಾಷೆಯ ತಪ್ಪಲ್ಲ, ಮೊದಲು ಕಿವಿ ತೋರಿಸಿ

ಓದುಗರ ಪ್ರಶ್ನೆಗೆ ವಾಕ್ ಚಿಕಿತ್ಸಕಿಯ ಉತ್ತರ

ಪ್ರಶ್ನೆ: ಮಗನಿಗೆ ಮೂರು ವರ್ಷ. ಮನೆಯಲ್ಲಿ ತುಳು, ಅಜ್ಜಿ ಜೊತೆ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ. ಎರಡು ಪದ ಸೇರಿಸಿ ಮಾತಾಡುವುದಿಲ್ಲ. ಟೀಚರ್ ಒಂದೇ ಭಾಷೆ ಸಾಕು ಅಂತಾರೆ. ಡಾಕ್ಟರ್ ಕಾಯಿರಿ ಅಂತಾರೆ. ಥೆರಪಿಸ್ಟ್ ವಾರಕ್ಕೆ ಎರಡು ದಿನ ಬನ್ನಿ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಮಂಜೇಶ್ವರ

ಉತ್ತರ: ಕುಂಬಳೆಯಿಂದಲೂ ಇದೇ ಪ್ರಶ್ನೆ, ಬದಿಯಡ್ಕದಿಂದಲೂ ಇದೇ. ಭಾಷೆಯನ್ನು ದೂರುವುದನ್ನು ದಯವಿಟ್ಟು ಬಿಡಿ. ನಮ್ಮ ಕಡೆ ಮೂರು ಭಾಷೆ ಕೇಳುತ್ತಲೇ ಮಕ್ಕಳು ಮಾತು ಕಲಿಯುತ್ತಾರೆ. ಅದರಿಂದ ಮಾತು ತಡವಾಗುವುದಿಲ್ಲ. ಅಜ್ಜಿಯ ಕನ್ನಡ ನಿಲ್ಲಿಸಿದರೆ ಅವನನ್ನು ಮಾತಾಡಿಸುವವರು ಒಬ್ಬರು ಕಡಿಮೆಯಾಗುತ್ತಾರೆ, ಅಷ್ಟೇ.

ಆದರೆ ಮೂರು ಭಾಷೆ ಒಟ್ಟು ಸೇರಿಸಿದರೂ ಈ ವಯಸ್ಸಿಗೆ ಎರಡು ಪದದ ಮಾತಿಲ್ಲ ಅಂದರೆ ಕಾಯುವ ಹಾಗಿಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ ಅನ್ನುವುದು ಪರೀಕ್ಷೆಯಲ್ಲ. ಪದೇ ಪದೇ ಶೀತವಾಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ನಿಲ್ಲುವುದುಂಟು. ಆಗ ದೊಡ್ಡ ಸದ್ದು ಕೇಳುತ್ತದೆ, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಮೂವರೂ ನಿಮಗೆ ಹೇಳಿದರು, ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಮಗುವನ್ನು ದಿನಾ ನೋಡುವವರು ಟೀಚರ್. "ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಉಪ್ಪುಮಾವಿನ ತಟ್ಟೆ ಕಂಡರೆ ಓಡಿಬರುತ್ತಾನೆ" ಅಂತ ಅವರು ಒಂದು ಸಾಲು ಬರೆದುಕೊಟ್ಟರೆ ಡಾಕ್ಟರ್ ಕಾಯಿರಿ ಅನ್ನುವುದಿಲ್ಲ. ಕ್ಲಿನಿಕ್ಕಿನಲ್ಲಿ ಅಳುವ ಮಗುವಿನಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಮೂವರೂ ಅದರಲ್ಲೇ ಬರೆಯಲಿ, ಹಿಂದಿನವರು ಬರೆದದ್ದನ್ನು ಓದಿಯೇ ಬರೆಯಲಿ. ಈ ವಾರ ಥೆರಪಿಯಲ್ಲಿ "ಬೇಕು", "ಕೊಡು" ಕಲಿಸುತ್ತಿದ್ದರೆ ಅಂಗನವಾಡಿಯಲ್ಲಿ ಊಟದ ಹೊತ್ತಿಗೂ ಅದೇ ನಡೆಯಲಿ. ಅಲ್ಲಿ ಮಲಯಾಳದಲ್ಲೇ ಹೇಳಿಸಲಿ, ತೊಂದರೆಯಿಲ್ಲ.

2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೆ ನೆರವು ಕೊಡುವ ಜಿಲ್ಲಾ ಕೇಂದ್ರಕ್ಕೆ, ಕಳಿಸಿಕೊಡಿ ಅಂತ ಅವರನ್ನು ಕೇಳಿ. ಮಕ್ಕಳ ಡಾಕ್ಟರ್, ಶ್ರವಣ ತಜ್ಞರು, ಥೆರಪಿಸ್ಟ್, ವಿಶೇಷ ಶಿಕ್ಷಕರು ಒಂದೇ ಕಡೆ ಸಿಗಲಿ ಅಂತಲೇ ಮಾಡಿದ ಕೇಂದ್ರ ಅದು, ಉಚಿತ. ತಂಡ ಬರುವವರೆಗೆ ಸುಮ್ನೆ ಕೂರಬೇಡಿ, ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ.

ಪ್ರಶ್ನೆ: ಬಜೆ ತೇಯ್ದು ನೆಕ್ಕಿಸಿದರೆ ಬೇಗ ಮಾತು ಬರುತ್ತದಾ?
ಉತ್ತರ: ಇಲ್ಲ. ವಾಂತಿ ಬಂದೀತು.

ಪ್ರಶ್ನೆ: ಒಬ್ಬರು ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಸರಿಹೋಗುತ್ತದೆ ಅಂದರು.
ಉತ್ತರ: ಅವರ ಮನೆ ಕಡೆ ಮಗುವನ್ನು ಕರೆದುಕೊಂಡು ಹೋಗಲೇಬೇಡಿ. ನಾಲಿಗೆ ಅಂಟಿಕೊಂಡಿದ್ದರೆ ಕೆಲವು ಉಚ್ಚಾರ ಕೆಡಬಹುದು, ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ.

ಪ್ರಶ್ನೆ: ಮೂರು ವರ್ಷದ ಮಗಳು ಅಕ್ಷರ ಬರೆಯುವುದಿಲ್ಲ, ಟ್ಯೂಷನ್‌ಗೆ ಹಾಕಲಾ?
ಉತ್ತರ: ಬೇಡ. ಚಪಾತಿ ಹಿಟ್ಟು ಕೈಗೆ ಕೊಡಿ, ಆಡಲಿ.