ವಂಚಕ ಹೊರದೇಶದಲ್ಲಿದ್ದರೆ ಮಂಜೇಶ್ವರದವರು ಎಲ್ಲಿ ದೂರು ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಮಂಜೇಶ್ವರದಲ್ಲಿ, ಬ್ಯಾಂಕ್ ಖಾತೆ ಮಂಗಳೂರಿನಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಬಂದ ಷೇರು ಟ್ರೇಡಿಂಗ್ ಆ್ಯಪ್ ನಂಬಿ ದುಡ್ಡು ಕಳಕೊಂಡಿರಿ, ವೆಬ್‌ಸೈಟ್ ನೋಡಿದರೆ ಹೊರದೇಶದ್ದು. ನೇರ ಇಂಟರ್‌ಪೋಲ್‌ಗೇ ಬರೆದರೆ ಆಗದೇ ಅಂತ ಕೇಳಿದ್ದೀರಿ. ಕಾಸರಗೋಡಿನಲ್ಲಿ ವಕೀಲಿಕೆ ಮಾಡುವವನು ನಾನು, ಇಂಥ ಕಡತಗಳು ಈಗ ನನ್ನ ಮೇಜಿನ ಮೇಲೆ ಸಾಕಷ್ಟಿವೆ.

ಇಂಟರ್‌ಪೋಲ್‌ಗೆ ಬರೆದು ಪ್ರಯೋಜನವಿಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಆ ಸಂಸ್ಥೆ 196 ದೇಶಗಳ ಪೊಲೀಸರ ನಡುವೆ ಮಾಹಿತಿ ದಾಟಿಸುತ್ತದೆ, ಅಷ್ಟೆ. ಯಾರನ್ನೂ ಹಿಡಿಯುವ ಅಧಿಕಾರ ಅದಕ್ಕಿಲ್ಲ, ಖಾಸಗಿಯವರ ದೂರು ತೆಗೆದುಕೊಂಡು ತನಿಖೆ ಮಾಡುವುದೂ ಇಲ್ಲ. ನಮ್ಮ ದೇಶದ ಪರವಾಗಿ ಅದರ ಜೊತೆ ವ್ಯವಹರಿಸುವುದು ಸಿಬಿಐ. ಇನ್ನು ಕ್ಯಾಲಿಫೋರ್ನಿಯಾದ ಐಕಾನ್ ಎಂಬ ಸಂಸ್ಥೆ ನೋಡಿಕೊಳ್ಳುವುದು ವೆಬ್‌ಸೈಟುಗಳ ಹೆಸರು (ಡೊಮೇನ್), ಐಪಿ ವಿಳಾಸಗಳ ವ್ಯವಸ್ಥೆಯನ್ನು. ಆ ಹೆಸರಿಟ್ಟುಕೊಂಡು ಯಾರು ಯಾರ ತಲೆ ಬೋಳಿಸಿದರು ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಹಾಗಂತ ಕಾನೂನು ಇಲ್ಲವೆಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಭಾರತದಲ್ಲಿರುವ ಕಂಪ್ಯೂಟರನ್ನು ಒಳಗೊಂಡು ಹೊರಗಿನಿಂದ ಯಾವ ದೇಶದವನು ಅಪರಾಧ ಮಾಡಿದರೂ ನಮ್ಮ ಕಾನೂನು ಅನ್ವಯಿಸುತ್ತದೆ. ಆದರೆ ಅನ್ವಯಿಸುತ್ತದೆ ಅಂದಮಾತ್ರಕ್ಕೆ ಕಾಸರಗೋಡಿನ ಇನ್‌ಸ್ಪೆಕ್ಟರ್ ಕಾಂಬೋಡಿಯಾಕ್ಕೆ ಹೋಗಿ ಬಾಗಿಲು ತಟ್ಟಲು ಬರುವುದಿಲ್ಲವಲ್ಲ. ಅಮೆರಿಕದ ಕಂಪನಿಯ ಸರ್ವರಿನಲ್ಲಿರುವ ಸಂದೇಶಗಳು ಬೇಕಾದರೆ ಸಾಮಾನ್ಯವಾಗಿ ಎರಡು ದೇಶಗಳ ನಡುವಿನ ಕಾನೂನು ನೆರವಿನ ಒಪ್ಪಂದದ ದಾರಿ ಹಿಡಿಯಬೇಕು, ಅದು 2005ರಿಂದ ಜಾರಿಯಲ್ಲಿದೆ. ಇಲ್ಲಿಯ ಕೋರ್ಟು, ದೆಹಲಿಯ ಗೃಹ ಸಚಿವಾಲಯ, ಅಲ್ಲಿಯ ನ್ಯಾಯಾಂಗ ಇಲಾಖೆ, ಅಲ್ಲಿಯ ಕೋರ್ಟು; ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರಬೇಕು. ತಿಂಗಳುಗಳು ಉರುಳುತ್ತವೆ. ಸೈಬರ್ ಅಪರಾಧದ ತನಿಖೆಯಲ್ಲಿ ದೇಶಗಳು ಪರಸ್ಪರ ನೆರವಾಗಲು ಮಾಡಿಕೊಂಡ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸೇರಿಲ್ಲ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸೈಬರ್ ಅಪರಾಧದ ಬಗ್ಗೆ ತನ್ನದೇ ಒಪ್ಪಂದವನ್ನು ಅಂಗೀಕರಿಸಿತು, ಆದರೆ ಅದು ಜಾರಿಗೆ ಬರಲು 40 ದೇಶಗಳ ಅನುಮೋದನೆ ಬೇಕು. ಅದನ್ನು ನಂಬಿ ಕೂರಬೇಡಿ.

ನನ್ನ ಪ್ರಕಾರ ನೀವು ಮೊದಲು ಬೆನ್ನಟ್ಟಬೇಕಾದ್ದು ವಂಚಕನನ್ನಲ್ಲ, ದುಡ್ಡನ್ನು. ಅವನು ಎಲ್ಲೇ ಇರಲಿ, ದುಡ್ಡು ಮೊದಲು ಬೀಳುವುದು ಭಾರತದೊಳಗಿನ ಯಾವುದೋ ಬಾಡಿಗೆ ಖಾತೆಗೆ. ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ ಎರಡನ್ನೂ ಒಪ್ಪಿಸಿದ ಯಾವನೋ ಹುಡುಗನ ಖಾತೆ ಅದು. ಬದಿಯಡ್ಕ ಕಡೆಯ ಕೃಷಿಕರೊಬ್ಬರ ಅಡಿಕೆ ದುಡ್ಡು ಹೀಗೆಯೇ ಉತ್ತರ ಭಾರತದ ಒಂದು ಖಾತೆಗೆ ಹೋಗಿ, ಅಲ್ಲಿಂದ ಚೂರುಚೂರಾಗಿ ಬೇರೆ ಖಾತೆಗಳಿಗೆ ಹರಡಿತ್ತು. ಅವರು ಅದೇ ಸಂಜೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಎರಡನೇ ಸುತ್ತಿನ ಖಾತೆಗಳಲ್ಲಿ ಒಂದಷ್ಟು ತಡೆಹಿಡಿಯಲು ಆಯಿತು. ಎಟಿಎಮ್ಮಿನಿಂದ ತೆಗೆದದ್ದು ಹೋಯಿತು. ತಡೆಹಿಡಿದದ್ದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 503ನೇ ಸೆಕ್ಷನ್ನಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ಬಿಡಿಸಿಕೊಂಡೆವು. ನನ್ನ ಬಳಿ ಬರುವಾಗ ಅವರು ಆ್ಯಪಿನಲ್ಲಿ ದಪ್ಪಕ್ಷರದಲ್ಲಿ ಕಾಣುತ್ತಿದ್ದ ‘ಲಾಭ’ದ ಸ್ಕ್ರೀನ್‌ಶಾಟ್‌ಗಳನ್ನು ರಾಶಿ ತಂದಿದ್ದರು, ಬ್ಯಾಂಕಿನ ಎಸ್ಸೆಮ್ಮೆಸ್ ಮಾತ್ರ ಅಳಿಸಿಬಿಟ್ಟಿದ್ದರು! ಬೇಕಾದ್ದು ಅದೇ: ಯುಪಿಐ ಆದರೆ 12 ಅಂಕಿಯ ವಹಿವಾಟು ಸಂಖ್ಯೆ, ಬ್ಯಾಂಕಿನಿಂದ ಕಳಿಸಿದ್ದಾದರೆ ಯುಟಿಆರ್ ಎಂಬ ವಹಿವಾಟಿನ ಗುರುತಿನ ಸಂಖ್ಯೆ. ಎಸ್ಸೆಮ್ಮೆಸ್ ಇಲ್ಲದಿದ್ದರೆ ಸ್ಟೇಟ್‌ಮೆಂಟ್ ತೆಗೆಸಿ.

ಇನ್ನು ಗಡಿಯ ತಾಪತ್ರಯ. ತಲಪಾಡಿಯಿಂದ ಆಚೆ ಹೋದರೆ ‘ನೀವು ಕೇರಳದವರು’, ಈಚೆ ಬಂದರೆ ‘ಖಾತೆ ಮಂಗಳೂರಿನದಲ್ಲವೇ?’ ನನ್ನ ಕಕ್ಷಿದಾರರು ಎರಡೂ ಕಡೆ ಈ ಮಾತು ಕೇಳಿಸಿಕೊಂಡವರೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ಇದಕ್ಕೆ ಉತ್ತರ. ಅಪರಾಧ ಎಲ್ಲೇ ನಡೆದಿರಲಿ, ಠಾಣೆಯವರು ಮಾಹಿತಿ ದಾಖಲಿಸಿಕೊಳ್ಳಲೇಬೇಕು. ಒಲ್ಲೆ ಅಂದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ನೀವಂತೂ ಕೇರಳದಲ್ಲೇ ಕೊಡಿ, ಮುಂದೆ ಕರೆದಾಗಲೆಲ್ಲ ಹೋಗಲು ಹತ್ತಿರ. 1930ರಲ್ಲಿ ಸಿಗುವ ದೂರಿನ ಸಂಖ್ಯೆಯನ್ನೇ ಎಫ್‌ಐಆರ್ ಅಂದುಕೊಳ್ಳಬೇಡಿ, ಎರಡೂ ಬೇರೆ.

ಮಲಯಾಳ ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಬರೆದುಕೊಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಆದರೂ ಮೊತ್ತ, ತಾರೀಕು, ಖಾತೆ ಸಂಖ್ಯೆಗಳಷ್ಟನ್ನು ಇಂಗ್ಲಿಷಿನಲ್ಲಿ ಒಂದು ಹಾಳೆ ಮಾಡಿ ಲಗತ್ತಿಸಿ, ದುಡ್ಡು ತಡೆಯಬೇಕಾದ ಬ್ಯಾಂಕಿನವರು ಯಾವ ರಾಜ್ಯದವರೋ ಏನೋ.

ಇದರ ನಡುವೆ ‘ಇಂಟರ್‌ಪೋಲ್ ಅಧಿಕಾರಿ ಮಾತಾಡುತ್ತಿದ್ದೇನೆ, ಇಷ್ಟು ಫೀಸು ಕಟ್ಟಿದರೆ ನಿಮ್ಮ ದುಡ್ಡು ವಾಪಸು’ ಅಂತ ಫೋನ್ ಬಂದೀತು. ಒಮ್ಮೆ ಮೋಸ ಹೋದವರ ನಂಬರುಗಳು ವಂಚಕರ ನಡುವೆ ಮಾರಾಟವಾಗುತ್ತವೆ. ಆ ನಂಬರನ್ನೂ ಬರೆದಿಟ್ಟುಕೊಂಡು ಅದೇ ದೂರಿಗೆ ಸೇರಿಸಿ.