23 ಟೆಸ್ಟ್ ಫೇಲ್ ಆಗಿವೆ, ಸ್ಕಿಪ್ ಹಾಕಿ ಮರ್ಜ್ ಮಾಡಿಬಿಡ್ಲಾ?

ಕೇಳಿದ ಪ್ರಶ್ನೆ: "ಮೂರು ವಾರ ಕೂತು ಒಂದು ಬ್ರಾಂಚ್ ಮುಗಿಸಿದ್ದೀನಿ. ಮೇನ್‌ಗೆ ಮರ್ಜ್ ಮಾಡೋಕೆ ಹೋದ್ರೆ 23 ರಿಗ್ರೆಷನ್ ಟೆಸ್ಟ್ ಫೇಲ್. ಅದರಲ್ಲಿ ಎಷ್ಟೋ ಟೆಸ್ಟ್‌ಗಳಿಗೂ ನಾನು ಮುಟ್ಟಿದ ಕೋಡ್‌ಗೂ ಸಂಬಂಧವೇ ಇಲ್ಲ. ಟೀಮ್ ಲೀಡ್ 'ಸ್ಕಿಪ್ ಹಾಕು, ಇವತ್ತು ಮರ್ಜ್ ಆಗ್ಲಿ, ಆಮೇಲೆ ನೋಡೋಣ' ಅಂತಿದ್ದಾರೆ. ಏನು ಮಾಡ್ಲಿ?"

(ಹೊಸಬರಿಗೆ: ಮೇನ್ ಅಂದ್ರೆ ಟೀಮ್‌ನ ಮೂಲ ಕೋಡ್, ಬ್ರಾಂಚ್ ಅಂದ್ರೆ ಅದರಿಂದ ಬೇರೆ ಮಾಡಿಕೊಂಡು ಕೆಲಸ ಮಾಡೋ ಪ್ರತಿ, ಮರ್ಜ್ ಅಂದ್ರೆ ಅದನ್ನ ಮತ್ತೆ ಮೇನ್‌ಗೆ ಸೇರಿಸೋದು. ರಿಗ್ರೆಷನ್ ಟೆಸ್ಟ್ ಅಂದ್ರೆ ಮೊದಲು ಸರಿಯಿದ್ದದ್ದು ಈಗಲೂ ಸರಿಯಿದೆಯಾ ಅಂತ ನೋಡೋ ತಪಾಸಣೆ, ಸ್ಕಿಪ್ ಅಂದ್ರೆ ಅದನ್ನ ಓಡಿಸದೆ ದಾಟಿಸೋದು.) ಮೊದಲು ಆ 23ನ್ನ ಮರೀರಿ. 23 ಟೆಸ್ಟ್ ಬಿದ್ದಿವೆ ಅಂದ್ರೆ 23 ತಪ್ಪು ಅಂತಲ್ಲ. ನನ್ನ ಅನುಭವದಲ್ಲಿ ಅಂಥ ರಾಶಿಯ ಕೆಳಗೆ ಮೂರೋ ನಾಲ್ಕೋ ಕಾರಣ ಇರುತ್ತವೆ, ಅಷ್ಟೇ. ಟೆಸ್ಟ್‌ಗಳ ಹೆಸರು ನೋಡ್ತಾ ಕೂರಬೇಡಿ, ಎರರ್ ಮೆಸೇಜ್ ನೋಡಿ ಗುಂಪು ಮಾಡಿ. ಒಂದೇ ಮೆಸೇಜ್ ಹನ್ನೆರಡು ಕಡೆ ಬಂದಿದ್ರೆ ಆ ಹನ್ನೆರಡೂ ಸೇರಿ ಒಂದೇ ಕೆಲಸ. ಲೀಡ್ ಹೆದರಿರೋದೂ ಆ ಸಂಖ್ಯೆಗೇ.

ನಾನು ಕಲಬುರಗಿಯವನು. ಈಗ ಮನೆಯಿಂದ ಬೆಂಗಳೂರಿನ ಟೀಮ್ ಒಂದಕ್ಕೆ ಕೆಲಸ ಮಾಡ್ತೀನಿ. ಅದಕ್ಕೂ ಮೊದಲು ಇಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಕೂತು ಗಂಜ್‌ನ ಅಡತ (ಕಮಿಷನ್ ಏಜೆಂಟರ) ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೀತಿದ್ದೆ. (ಗಂಜ್ ಅಂದ್ರೆ ನಮ್ಮ ಕಡೆ ಎಪಿಎಂಸಿ ಯಾರ್ಡ್. ಮೈಸೂರು ಕಡೆಯ ಗೆಳೆಯನೊಬ್ಬ ಬಹಳ ದಿನ ಅದನ್ನ ಕುಡಿಯೋ ಗಂಜಿ ಅಂದ್ಕೊಂಡಿದ್ದ.) ಟೆಸ್ಟ್ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಅಲ್ಲಿಯೇ. ಅದನ್ನ ಆಮೇಲೆ ಹೇಳ್ತೀನಿ, ಮೊದಲು ನೀವು ಈಗಲೇ ಮಾಡಬೇಕಾದ ಕೆಲಸ.

ಮೇನ್‌ನ ಇವತ್ತಿನ ಸ್ಥಿತಿಯನ್ನ ಬೇರೆ ಫೋಲ್ಡರ್‌ಗೆ ಹೊಸದಾಗಿ ತಗೊಂಡು, ನಿಮ್ಮ ಒಂದು ಸಾಲೂ ಸೇರದ ಹಾಗೆ ಅದೇ 23 ಟೆಸ್ಟ್ ಓಡಿಸಿ. ಅಲ್ಲೂ ಕೆಲವು ಬಿದ್ರೆ ಅವು ನಿಮ್ಮ ಪಾಲಿನವಲ್ಲ. ಸಂಬಂಧ ಇಲ್ಲದ ಟೆಸ್ಟ್ ಬೀಳ್ತಿವೆ ಅಂದ್ರಲ್ಲ, ಅದರಲ್ಲಿ ಅರ್ಧ ಇಲ್ಲೇ ಬಗೆಹರಿದ್ರೂ ಆಶ್ಚರ್ಯ ಇಲ್ಲ. ಮೇನ್ ಕೆಡಿಸಿದ ಕಮಿಟ್ (ದಾಖಲಾದ ಒಂದು ಬದಲಾವಣೆ) ಯಾವುದು ಅಂತ ಹುಡುಕೋಕೆ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಗಿಟ್‌ನಲ್ಲಿ ಬೈಸೆಕ್ಟ್ ಅನ್ನೋ ಆದೇಶ ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ತೋರಿಸಿದ್ರೆ ನಡುವೆ ಅರ್ಧರ್ಧ ಮಾಡ್ತಾ ಹೋಗುತ್ತೆ, ಸಾವಿರ ಕಮಿಟ್ ಇದ್ರೂ ಹತ್ತು ಹೆಜ್ಜೆಗೆ ಸಿಕ್ಕಿಬೀಳುತ್ತೆ. ಬೈಸೆಕ್ಟ್ ರನ್‌ಗೆ ಒಂದು ಸ್ಕ್ರಿಪ್ಟ್ ಕೊಟ್ಟು ಊಟಕ್ಕೆ ಹೋಗಬಹುದು. ನಡುವಿನ ಯಾವುದೋ ಕಮಿಟ್ ಬಿಲ್ಡೇ ಆಗದಿದ್ರೆ (ಓಡೋ ರೂಪಕ್ಕೇ ಬರದಿದ್ರೆ) ಸ್ಕ್ರಿಪ್ಟ್ 125 ಅಂತ ಎಕ್ಸಿಟ್ ಆಗ್ಲಿ, ಗಿಟ್ ಅದನ್ನ ಬಿಟ್ಟು ಮುಂದೆ ಹೋಗುತ್ತೆ.

ಆಮೇಲೆ ಮೇನ್‌ನ ನಿಮ್ಮ ಬ್ರಾಂಚ್‌ಗೆ ತಂದುಕೊಳ್ಳಿ. ಮೂರು ವಾರದಲ್ಲಿ ಮೇನ್ ಎಲ್ಲಿಂದ ಎಲ್ಲಿಗೋ ಹೋಗಿರುತ್ತೆ. ನಿಮ್ಮದು ಒಂಟಿಯಾಗಿ ಪಾಸ್, ಮೇನ್ ಒಂಟಿಯಾಗಿ ಪಾಸ್, ಎರಡೂ ಸೇರಿದ್ರೆ ಫೇಲ್ ಅನ್ನೋದು ಆಗೇ ಆಗುತ್ತೆ. ನಮ್ಮಲ್ಲಿ ಹೀಗಾಗಿತ್ತು: ತೂಕ ಕೊಡೋ ಫಂಕ್ಷನ್ ಮೊದಲು ಕ್ವಿಂಟಾಲ್‌ನಲ್ಲಿ ಕೊಡ್ತಿತ್ತು, ಒಬ್ಬ ಅದನ್ನ ಕಿಲೋಗೆ ಬದಲಾಯಿಸಿ, ಅದನ್ನ ಕರೀತಿದ್ದ ಜಾಗಗಳನ್ನೆಲ್ಲ ತಿದ್ದಿ ಮರ್ಜ್ ಮಾಡಿದ. ಅದೇ ವಾರ ನಾನು ನನ್ನ ಬ್ರಾಂಚ್‌ನಲ್ಲಿ ಹೊಸ ವರದಿಗೆ ಅದೇ ಫಂಕ್ಷನ್ ಕರೆದಿದ್ದೆ, ಕ್ವಿಂಟಾಲ್ ಅಂತಲೇ ನಂಬಿ. ಫೈಲ್ ಬೇರೆ, ಸಾಲು ಬೇರೆ. ಗಿಟ್ ಒಂದೇ ಒಂದು ಕಾನ್‌ಫ್ಲಿಕ್ಟ್ (ಒಂದೇ ಜಾಗವನ್ನ ಇಬ್ಬರೂ ತಿದ್ದಿದ ತಿಕ್ಕಾಟ) ತೋರಿಸಲಿಲ್ಲ. ಮೂರು ಕ್ವಿಂಟಾಲ್ ತೊಗರಿ ವರದಿಯಲ್ಲಿ ಮುನ್ನೂರು ಕ್ವಿಂಟಾಲ್ ಆಗಿ ಕೂತಿತ್ತು. ಗಿಟ್ ನೋಡೋದು ಸಾಲುಗಳನ್ನ. ಅರ್ಥ ಹಿಡಿಯೋದು ಟೆಸ್ಟ್ ಒಂದೇ, ಅದೂ ಎರಡೂ ಸೇರಿದ ಕೋಡ್ ಮೇಲೆ ಓಡಿಸಿದ್ರೆ ಮಾತ್ರ.

ಇಷ್ಟಾದ ಮೇಲೂ ಉಳಿಯೋವು ನಿಮ್ಮವು. ಪ್ರತಿಯೊಂದರ ಮುಂದೆ ಕೂತು ಕೇಳಿಕೊಳ್ಳಿ: ತಪ್ಪಿದ್ದು ಕೋಡಾ, ಟೆಸ್ಟಾ, ಇಲ್ಲಾ ಟೆಸ್ಟ್ ಓಡಿದ ಜಾಗವಾ? ಉತ್ತರ ಸಿಗೋವರೆಗೆ ಟೆಸ್ಟ್ ಫೈಲ್‌ನ ಒಂದು ಅಕ್ಷರ ತಿದ್ದಬೇಡಿ. ನಾನು ತಿದ್ದಿದ್ದೆ, ಆ ಕಥೆ ಈಗ.

2019ರ ಕೊನೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಗೆ 2020ರ ಜನವರಿ 1ರಿಂದ ಬೆಂಬಲ ಇಲ್ಲ ಅಂತ ನಮ್ಮ ಹಳೇ ಬಿಲ್ಲಿಂಗ್ ಸಾಫ್ಟ್‌ವೇರನ್ನ ಪೈಥಾನ್ 3ಕ್ಕೆ ತರೋ ಕೆಲಸ ನನ್ನ ತಲೆಗೆ ಬಂತು. ಎಲ್ಲಾ ಮುಗೀತು, ನಾನೂರು ಚಿಲ್ಲರೆ ಟೆಸ್ಟ್‌ನಲ್ಲಿ ಒಂದೇ ಒಂದು ಕೆಂಪು, ಅಂದ್ರೆ ಫೇಲ್. ಏಳು ಚೀಲ ತೊಗರಿ, ಒಟ್ಟು 343 ಕಿಲೋ, ಕ್ವಿಂಟಾಲ್‌ಗೆ 5,150 ರೂಪಾಯಿ. ಟೆಸ್ಟ್ ಬಯಸಿದ್ದು 17,665. ಬಂದದ್ದು 17,664.

ಒಂದು ರೂಪಾಯಿ! ಟೆಸ್ಟ್ ಬರೆದವನು ಕೆಲಸ ಬಿಟ್ಟು ಪುಣೆ ಸೇರಿದ್ದ. ತೊಗರಿ ಸುಗ್ಗಿ ಬಾಗಿಲಲ್ಲಿತ್ತು, ಅಂಗಡಿಗಳವರು ಹೊಸ ವರ್ಷನ್ ಯಾವಾಗ ಅಂತ ದಿನಾ ಫೋನ್ ಮಾಡ್ತಿದ್ರು. ಟೆಸ್ಟ್‌ನಲ್ಲಿ 17,665 ಅಂತಿದ್ದದ್ದನ್ನ 17,664 ಮಾಡಿದೆ, "ಟೆಸ್ಟ್ ಅಪ್‌ಡೇಟ್" ಅಂತ ಕಮಿಟ್ ಮೆಸೇಜ್ ಹಾಕಿದೆ, ಮರ್ಜ್ ಮಾಡಿ ಮನೆಗೆ ಹೋದೆ.

ಜನವರಿ ಮೂರನೇ ವಾರ ಒಂದು ಅಡತ ಅಂಗಡಿಯಿಂದ ಫೋನು. ಹೋದೆ. ಹೊರಗೆ ಹಮಾಲರು ಚೀಲ ಹೊರ್ತಿದ್ರು, ಒಳಗೆಲ್ಲಾ ತೊಗರಿ ಧೂಳು. ಅಂಗಡಿಯ ಲೆಕ್ಕ ಬರೆಯೋ ಮುನೀಮ ಕಾಕಾ ಗಾದಿ ಮೇಲೆ ಕೂತು ನಮ್ಮ ಸಾಫ್ಟ್‌ವೇರ್ ತೆಗೆದ ಪಟ್ಟಿಗಳನ್ನ (ರೈತರಿಗೆ ಕೊಡೋ ಬಿಲ್) ಇಸ್ಪೀಟಿನ ಎಲೆ ಹರಡಿದ ಹಾಗೆ ಹರಡಿಕೊಂಡಿದ್ರು. ಹನ್ನೊಂದು ಪಟ್ಟಿಗೆ ಕೆಂಪು ಪೆನ್ನಿನ ಗುರುತು. ಪಕ್ಕದಲ್ಲಿ ಅವರ ಮಗ ಹಾಕಿಕೊಟ್ಟ ಎಕ್ಸೆಲ್ ಹಾಳೆ. ಹನ್ನೊಂದರಲ್ಲೂ ಎಕ್ಸೆಲ್‌ಗಿಂತ ನಮ್ಮದು ಒಂದು ರೂಪಾಯಿ ಕಡಿಮೆ.

"ಹನ್ನೊಂದ್ ರೂಪಾಯಿ ಅಲ್ರೀ ಕಾಕಾ" ಅಂದೆ, ನಕ್ಕು ತೇಲಿಸೋಕೆ ನೋಡ್ತಾ.

"ರೊಕ್ಕ ಎಷ್ಟು ಅಂತ ನಾ ಕೇಳ್ಲತ್ತಿಲ್ಲ ತಮ್ಮಾ. ಯಾರ ಲೆಕ್ಕ ಖರೇ ಅದ ಅಂತ ಕೇಳ್ಲತ್ತೀನಿ. ಪಟ್ಟಿ ಒಯ್ದ ರೈತ ನಾಳಿಗಿ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

ಆಫೀಸಿಗೆ ಬಂದು ಕೂತ ಮೇಲೆ ಗೊತ್ತಾಯ್ತು. ಪೈಥಾನ್ 2ರಲ್ಲಿ ರೌಂಡ್ ಅಂದ್ರೆ ಐವತ್ತು ಪೈಸೆ ಬಂದಾಗ ಮೇಲಿನ ರೂಪಾಯಿಗೆ ಏರಿಸೋದು, ನಾವೆಲ್ಲ ಶಾಲೆಯಲ್ಲಿ ಕಲಿತ ಹಾಗೆ. ಎಕ್ಸೆಲ್ ಮಾಡೋದೂ ಅದನ್ನೇ. ಪೈಥಾನ್ 3ರಲ್ಲಿ ಸರಿಯಾಗಿ ಅರ್ಧಕ್ಕೆ ಬಂದ್ರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ. 2.5 ಕೊಟ್ರೆ 2, 3.5 ಕೊಟ್ರೆ 4. 343ನ್ನ 5,150ರಿಂದ ಗುಣಿಸಿ ನೂರರಿಂದ ಭಾಗಿಸಿದ್ರೆ 17,664.50. ಹತ್ತಿರದ ಸಮಸಂಖ್ಯೆ 17,664, ಹಾಗಾಗಿ ಕೆಳಗೆ ಇಳೀತು. ಗಂಜ್‌ನಲ್ಲಿ ದರ ಐವತ್ತಕ್ಕೆ ಮುಗಿದು ತೂಕ ಬೆಸ ಕಿಲೋ ಆದ್ರೆ ಐವತ್ತು ಪೈಸೆ ಬಂದೇ ಬರುತ್ತೆ. ಅಂಥ ಪಟ್ಟಿಗಳಲ್ಲಿ ರೂಪಾಯಿ ಸಮಸಂಖ್ಯೆ ಇದ್ದದ್ದೆಲ್ಲ ಒಂದೊಂದು ರೂಪಾಯಿ ಕಳ್ಕೊಂಡಿತ್ತು, ಬೆಸ ಇದ್ದದ್ದು ಸರಿಯಾಗೇ ಇತ್ತು. ಅದಕ್ಕೇ ಯಾರಿಗೂ ಬೇಗ ಗೊತ್ತಾಗಲಿಲ್ಲ.

ಪುಣೆ ಸೇರಿದ ಆ ಹುಡುಗ ಆ ಟೆಸ್ಟ್‌ಗೆ 343 ಅನ್ನೋ ತೂಕ ಸುಮ್ಮನೆ ಆರಿಸಿರಲಿಲ್ಲ. ಇದನ್ನೇ ಕಾಯೋಕೆ ಅದನ್ನ ಅಲ್ಲಿ ನಿಲ್ಲಿಸಿ ಹೋಗಿದ್ದ. ನಾನು ಕಾವಲುಗಾರನ ಬಾಯಿಗೇ ಬಟ್ಟೆ ತುರುಕಿದ್ದೆ. ಡೆಸಿಮಲ್ ಮಾಡ್ಯೂಲ್ ತಂದು, ರೌಂಡಿಂಗ್ ಕ್ರಮ ಹಾಫ್-ಅಪ್ (ಅರ್ಧ ಬಂದ್ರೆ ಮೇಲಕ್ಕೆ) ಅಂತ ಕಣ್ಣಿಗೆ ಕಾಣೋ ಹಾಗೆ ಬರೆದು ಸರಿ ಮಾಡೋಕೆ ಹಿಡಿದದ್ದು ಇಪ್ಪತ್ತು ನಿಮಿಷ. ಹಳೇ ಪಟ್ಟಿಗಳನ್ನೆಲ್ಲ ಹುಡುಕಿ, ಮತ್ತೆ ತೆಗೆದು, ಅಂಗಡಿ ಅಂಗಡಿಗೆ ಕೊಟ್ಟು ಬರೋಕೆ ಹದಿನೈದು ದಿನ. ಆ ಹದಿನೈದು ದಿನವೂ ಚಹಾ ಕುಡಿಸಿದ್ದು ಮುನೀಮ ಕಾಕಾ, ಅದು ಬೇರೆ ಮಾತು.

ಟೆಸ್ಟೇ ತಪ್ಪಿರೋದೂ ಉಂಟು, ಇಲ್ಲ ಅನ್ನಲ್ಲ. ನಿಮ್ಮ ಬ್ರಾಂಚ್ ಬೇಕಂತಲೇ ನಡವಳಿಕೆ ಬದಲಾಯಿಸಿದ್ರೆ ಹಳೇ ಉತ್ತರ ತಿದ್ದಲೇಬೇಕು. ಆಗ ಆ ತಿದ್ದುಪಡಿ ಬೇರೆಯೇ ಕಮಿಟ್ ಆಗಲಿ, ಯಾಕೆ ಅಂತ ಎರಡು ಸಾಲು ಇರಲಿ. ಕೋಡ್ ಬದಲಾವಣೆಯ ನಡುವೆ ಸಂಖ್ಯೆ ತಿದ್ದಿ ಸೇರಿಸಿದ್ರೆ ರಿವ್ಯೂ ಮಾಡೋರ ಕಣ್ಣು ತಪ್ಪುತ್ತೆ.

ಇನ್ನು ಟೆಸ್ಟ್ ಓಡಿದ ಜಾಗದ ತಕರಾರು. ಸಂಬಂಧ ಇಲ್ಲದ ಟೆಸ್ಟ್ ಬೀಳೋದಕ್ಕೆ ಇನ್ನೊಂದು ದೊಡ್ಡ ಕಾರಣ ಇದೇ. ನಿಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ ಇರುತ್ತೆ, ಬಿಲ್ಡ್ ಸರ್ವರ್ (ಟೀಮ್‌ನ ಟೆಸ್ಟ್ ಓಡಿಸೋ ಕಂಪ್ಯೂಟರ್) ಬಹಳ ಕಡೆ ಯುಟಿಸಿಯಲ್ಲಿ, ಅಂದ್ರೆ ಜಗತ್ತಿನ ಪ್ರಮಾಣ ಸಮಯದಲ್ಲಿ. ಐದೂವರೆ ಗಂಟೆ ಹಿಂದೆ. ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ನಮಗೆ ಇವತ್ತು, ಅದಕ್ಕೆ ಇನ್ನೂ ನಿನ್ನೆ. "ಇವತ್ತಿನ ಆವಕ" ಅನ್ನೋ ಟೆಸ್ಟ್ ಹಗಲೆಲ್ಲ ಪಾಸ್ ಆಗಿ, ಡೆಡ್‌ಲೈನ್ ರಾತ್ರಿ ಒಂದು ಗಂಟೆಗೆ ಬೀಳುತ್ತೆ. ಇದನ್ನ ಸಣ್ಣದು ಅಂತ ಬಿಡಬೇಡಿ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆ ಅಂದ್ರೆ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ ಎಂಟೂವರೆ, ಅಂದ್ರೆ ಹಿಂದಿನ ಆರ್ಥಿಕ ವರ್ಷ. ಟೆಸ್ಟ್ ಒಳಗೆ ಗಡಿಯಾರ ನೋಡೋದನ್ನ ತೆಗೆದು, ನೀವೇ ಒಂದು ತಾರೀಖು, ಒಂದು ಟೈಮ್‌ಝೋನ್ ಕೊಡಿ. ಕೋಡ್‌ನಲ್ಲೂ ಅದೇ ದೋಷ ಇದೆಯಾ ಅಂತ ಆಗಲೇ ನೋಡಿಬಿಡಿ, ಸಾಮಾನ್ಯವಾಗಿ ಇರುತ್ತೆ.

ಕನ್ನಡ ಡೇಟಾ ಇದ್ರೆ ಇನ್ನೊಂದು ಮಜಾ. ಊರಿನ ಹೆಸರಿನಿಂದ ಹುಡುಕೋ ಟೆಸ್ಟ್ ಒಂದು ಬಿತ್ತು. ಬಯಸಿದ್ದು "ಚಿಂಚೋಳಿ", ಸಿಕ್ಕಿದ್ದು "ಚಿಂಚೋಳಿ", ಫಲಿತಾಂಶ ಫೇಲ್. ಸ್ಕ್ರೀನ್ ಮೇಲೆ ಎರಡೂ ಅಚ್ಚು ಒಂದೇ. ಉದ್ದ ಅಳೆದ್ರೆ ಒಂದು 7, ಇನ್ನೊಂದು 9! ಯೂನಿಕೋಡ್‌ನಲ್ಲಿ ಚೋ ಅಕ್ಷರದ ಓತ್ವ ದೀರ್ಘವನ್ನ ಒಂದೇ ಸಂಕೇತವಾಗಿ ಬರೀಬಹುದು, ಇಲ್ಲಾ ಮೂರು ತುಂಡಾಗಿ ಬಿಡಿಸಿಯೂ ಬರೀಬಹುದು. ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿದ್ದ ಊರುಗಳ ಪಟ್ಟಿಯನ್ನ ಯಾರೋ ಪರಿವರ್ತಿಸಿ ಹಾಕಿದ್ರು, ಅಲ್ಲಿ ತುಂಡು ತುಂಡಾಗಿ ಬಂದಿತ್ತು. ಡೇಟಾ ಒಳಗೆ ಬರೋ ಬಾಗಿಲಲ್ಲೇ ಎನ್‌ಎಫ್‌ಸಿ ಅನ್ನೋ ರೂಪಕ್ಕೆ (ತುಂಡುಗಳನ್ನ ಕೂಡಿಸಿದ್ದು) ತಂದ್ರೆ ಮುಗೀತು. ಜೇವರ್ಗಿಯ ದೀರ್ಘಕ್ಕೂ ಇದೇ ಪಾಡು. ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದೆ ಕೂರೋ ನಾನ್-ಜಾಯ್ನರ್ ಅನ್ನೋ ಸಂಕೇತ ಮಾತ್ರ ಎನ್‌ಎಫ್‌ಸಿಗೂ ಬಗ್ಗಲ್ಲ, ಅದನ್ನ ಬೇರೆಯಾಗಿ ನೋಡಬೇಕು.

ಒಂಟಿಯಾಗಿ ಓಡಿಸಿದ್ರೆ ಪಾಸ್, ಎಲ್ಲರ ಜೊತೆ ಓಡಿಸಿದ್ರೆ ಫೇಲ್ ಆಗೋದಿದ್ರೆ, ಮುಂಚೆ ಓಡಿದ ಯಾವುದೋ ಟೆಸ್ಟ್ ಡೇಟಾಬೇಸ್‌ನಲ್ಲಿ ಎಂಜಲು ಬಿಟ್ಟು ಹೋಗಿದೆ. ಓಡೋ ಕ್ರಮ ಬದಲಾಯಿಸಿ ನೋಡಿ, ಸಿಗುತ್ತೆ. ಮೂರು ಸಲ ರೀಟ್ರೈ ಹಾಕಿ ಹಸಿರು ಮಾಡೋರನ್ನ ನೋಡಿದ್ದೀನಿ, ಅದು ಸ್ಕಿಪ್‌ಗಿಂತ ಕಡೆ.

ಲೀಡ್ ಹತ್ರ ಏನು ಹೇಳೋದು? "ಸ್ಕಿಪ್ ಹಾಕಲ್ಲ" ಅಂತ ವಾದಕ್ಕೆ ನಿಲ್ಲಬೇಡಿ, ಅವರಿಗೂ ಮೇಲಿನವರು ಇದ್ದಾರೆ. ಲೆಕ್ಕ ಕೊಡಿ: "ಸರ್, 23 ಅಂತ ಕಾಣೋದು ನಾಲ್ಕೇ ಕಾರಣ. ಎರಡು ಮೇನ್‌ನಲ್ಲೇ ಇವೆ, ಈ ಕಮಿಟ್‌ನಿಂದ. ಒಂದು ಟೈಮ್‌ಝೋನ್. ಒಂದು ನನ್ನದು, ನಾಳೆ ಮಧ್ಯಾಹ್ನಕ್ಕೆ ಮುಗಿಸ್ತೀನಿ." ಹೀಗೆ ಹೇಳಿದಾಗ ಒಂದು ದಿನ ಕೊಡದ ಲೀಡ್ ನನಗಂತೂ ಸಿಕ್ಕಿಲ್ಲ. ಮೇನ್‌ನ ಎರಡನ್ನ ಈಗ ಸರಿ ಮಾಡೋಕೆ ಆಗಲ್ಲ ಅಂದ್ರೆ ಬರೀ ಸ್ಕಿಪ್ ಬೇಡ. ಪೈಟೆಸ್ಟ್ (ಪೈಥಾನ್‌ನಲ್ಲಿ ಟೆಸ್ಟ್ ಓಡಿಸೋ ಸಾಧನ) ಬಳಸ್ತಿದ್ರೆ ಎಕ್ಸ್‌ಫೇಲ್ ಗುರುತು ಹಾಕಿ, ಅಂದ್ರೆ ಇದು ಬೀಳುತ್ತೆ ಅಂತ ಗೊತ್ತು ಅನ್ನೋ ಗುರುತು, ಜೊತೆಗೆ ಸ್ಟ್ರಿಕ್ಟ್. ಸ್ಕಿಪ್ ಹಾಕಿದ ಟೆಸ್ಟ್ ಓಡೋದೇ ಇಲ್ಲ, ಎರಡು ತಿಂಗಳಿಗೆ ಅದು ಇದೆ ಅನ್ನೋದೇ ಮರೆತುಹೋಗುತ್ತೆ. ಸ್ಟ್ರಿಕ್ಟ್ ಎಕ್ಸ್‌ಫೇಲ್ ಓಡ್ತಾ ಇರುತ್ತೆ, ಫೇಲ್ ಆದ್ರೆ ಬಿಲ್ಡ್ ನಿಲ್ಲಿಸಲ್ಲ, ಯಾರೋ ದೋಷ ತೆಗೆದು ಅದು ಪಾಸ್ ಆದ ದಿನ ಬಿಲ್ಡ್ ಕೆಂಪು ಮಾಡಿ "ಈ ಗುರುತು ತೆಗೀರಿ" ಅಂತ ತಾನೇ ಕೂಗುತ್ತೆ. ಕಾರಣದ ಜಾಗದಲ್ಲಿ ಟಿಕೆಟ್ ನಂಬರ್ (ಆ ದೋಷ ದಾಖಲಿಸಿದ ಸಂಖ್ಯೆ) ಬರೀರಿ.

ಮರ್ಜ್ ಬಟನ್ ಒತ್ತೋಕೆ ಮುಂಚೆ ಮೇನ್‌ಗೂ ನಿಮ್ಮ ಬ್ರಾಂಚ್‌ಗೂ ಟೆಸ್ಟ್ ಫೋಲ್ಡರ್‌ನ ಡಿಫ್ (ಏನೇನು ಬದಲಾಗಿದೆ ಅಂತ ತೋರಿಸೋದು) ಮಾತ್ರ ತೆಗೆದು ಒಂದು ಸಲ ಓದಿ. ಸಂಖ್ಯೆ ಬದಲಾದ ಸಾಲು ಎಲ್ಲಾದ್ರೂ ಕಂಡ್ರೆ ಅದು ಯಾಕೆ ಬದಲಾಯ್ತು ಅಂತ ನಿಮಗೆ ಬಾಯಲ್ಲಿ ಹೇಳೋಕೆ ಬರಬೇಕು. ನಾನು ಇವತ್ತಿಗೂ ಹೇಳಿ ನೋಡೋದು ಮುನೀಮ ಕಾಕಾ ಎದುರು ಕೂತಿದ್ದಾರೆ ಅಂದುಕೊಂಡೇ.

ಗುಂಪು ಮಾಡಿದ ಮೇಲೂ ಬಗೆಹರಿಯದಿದ್ರೆ ಒಂದೊಂದು ಎರರ್‌ನ ಮೊದಲ ನಾಲ್ಕು ಸಾಲು ಹಾಕಿ, ನೋಡೋಣ. ರಾತ್ರಿ ಹತ್ತರ ಮೇಲೆ ಸಿಗ್ತೀನಿ. ಈ ಬಿಸಿಲಿಗೆ ಹಗಲೊತ್ತು ನಮ್ಮೂರಲ್ಲಿ ನನಗೂ ತಲೆ ಓಡಲ್ಲ, ಲ್ಯಾಪ್‌ಟಾಪ್‌ಗೂ ಓಡಲ್ಲ.